ಮನೆಯಿಂದಲೇ ಚಟ್ನಿಪುಡಿ ಮಾರೋಣ ಅಂದರೆ ಎಷ್ಟು ಖರ್ಚಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ನಮ್ಮ ಮನೆಯ ಅಡುಗೆಮನೆಯಿಂದ ಶೇಂಗಾ, ಅಗಸಿ, ಗುರೆಳ್ಳು (ಹುಚ್ಚೆಳ್ಳು) ಚಟ್ನಿಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದ್ದು 2022ರಲ್ಲಿ. ಅಂದಿನಿಂದ ವಾರಕ್ಕೆ ನಾಲ್ಕೈದು ಜನ ಫೋನ್ ಮಾಡಿ ಇವೇ ಪ್ರಶ್ನೆ ಕೇಳುತ್ತಾರೆ. ಹೆಚ್ಚಿನವರು ಕೈರುಚಿ ಇರುವ ಹೆಣ್ಣುಮಕ್ಕಳು. ಒಂದೇ ಉತ್ತರವನ್ನು ನೂರು ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಅಕ್ಕಾ, ಹತ್ತು ಸಾವಿರದಲ್ಲಿ ಶುರು ಮಾಡಬಹುದಾ?

ಮಾಡಬಹುದು, ಆದರೆ ಹತ್ತು ಸಾವಿರಕ್ಕೆ ನಿಲ್ಲುವುದಿಲ್ಲ. ನಾನು ಹದಿನೈದು ಸಾವಿರ ಸಾಕು ಅಂದುಕೊಂಡಿದ್ದೆ. ಮೊದಲ ಪಾರ್ಸೆಲ್ ಮನೆಯಿಂದ ಹೊರಡುವ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಬಿದ್ದ ಲೆಕ್ಕ ಇದು: ಆಹಾರ ನೋಂದಣಿ ಐದು ವರ್ಷಕ್ಕೆ 500, ಪ್ಯಾಕ್ ಮಾಡುವವರ ನೋಂದಣಿ 500, ಮುದ್ರೆ ಹಾಕಿಸಿದ ತಕ್ಕಡಿ 3,800, ಕೈಯಲ್ಲಿ ಒತ್ತುವ ಸೀಲಿಂಗ್ ಮೆಷಿನ್ 1,700, ಸ್ಟೀಲ್ ಡಬ್ಬಿಗಳು 4,200, ಪೌಚ್ 3,500, ಲೇಬಲ್ 4,000, ರಟ್ಟಿನ ಡಬ್ಬ ಮತ್ತು ಟೇಪ್ 2,400, ಮೊದಲ ಸುತ್ತಿನ ಸಾಮಾನು 9,000, ರುಚಿ ನೋಡಲು ಬಂಧುಬಳಗಕ್ಕೆ ಕಳಿಸಿದ್ದು 1,900. ಒಟ್ಟು 31,500.

ಇದರಲ್ಲಿ ಮಿಕ್ಸಿ, ಒಲೆ, ಬಾಂಡಲಿ ಸೇರಿಲ್ಲ. ಅವು ಮನೆಯಲ್ಲಿದ್ದವು. ಮಿಕ್ಸಿ ಮಾತ್ರ ಎರಡನೇ ತಿಂಗಳಿಗೇ ಸುಟ್ಟುಹೋಯಿತು. ಮನೆ ಮಿಕ್ಸಿ ಇರುವುದು ಒಂದು ಬಟ್ಟಲು ಚಟ್ನಿಗೆ, ಹತ್ತು ಕಿಲೋ ಶೇಂಗಾಕ್ಕಲ್ಲ. ಹೊಸ ದೊಡ್ಡ ಮಿಕ್ಸಿ ಕೊಳ್ಳುವ ಮುಂಚೆ ನಿಮ್ಮ ಓಣಿಯ ಗಿರಣಿಯವರನ್ನು ಕೇಳಿ ನೋಡಿ. ಖಾರ ಕುಟ್ಟಿದ ಮೇಲೆ ಮೆಷಿನ್ ಒರೆಸಿ ಶೇಂಗಾ ಹಾಕಿಕೊಡುವವರು ಸಿಕ್ಕರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಒಂದು ಪ್ಯಾಕೆಟ್‌ಗೆ ನಿಜವಾಗಿ ಎಷ್ಟು ಬೀಳುತ್ತದೆ?

ಈ ಪ್ರಶ್ನೆ ಕೇಳುವವರು ಕಡಿಮೆ. ಎಲ್ಲರೂ ಕೇಳಬೇಕಾದದ್ದು ಇದನ್ನೇ.

ನಾವು ಹೆಂಗಸರು ಲೆಕ್ಕ ಹಾಕುವುದು ಹೇಗೆ? ಶೇಂಗಾ ಇಷ್ಟು, ಖಾರ ಇಷ್ಟು, ಬೆಳ್ಳುಳ್ಳಿ ಇಷ್ಟು, ಕೂಡಿಸಿದರೆ ಆಯಿತು. ಆದರೆ ಖರ್ಚಿನ ದೊಡ್ಡ ಪಾಲು ಬರುವುದು ಒಲೆ ಆರಿಸಿದ ಮೇಲೆ. ನನ್ನ ಒಂದು ಸುತ್ತಿನ ಲೆಕ್ಕ ಕೊಡುತ್ತೇನೆ. ದರ ನಿಮ್ಮೂರಲ್ಲಿ ಬೇರೆ ಇರಬಹುದು, ನೋಡಬೇಕಾದದ್ದು ಲೆಕ್ಕದ ದಾರಿಯನ್ನು.

ಹುರಿದಾಗ ಶೇಂಗಾದ ನೀರಿನಂಶ ಹೋಗುತ್ತದೆ, ಸಿಪ್ಪೆ ಹೋಗುತ್ತದೆ, ಆರಿಸುವಾಗ ಕೆಟ್ಟ ಕಾಳು ಹೋಗುತ್ತದೆ. ಒಂದು ಕಿಲೋ ಸಾಮಾನು ಹಾಕಿದರೆ 900 ಗ್ರಾಂ ಪುಡಿ ಸಿಕ್ಕಿದರೆ ಪುಣ್ಯ. ಇದನ್ನೆಲ್ಲ ಹಿಡಿದು ನನಗೆ ಒಂದು ಕಿಲೋ ಪುಡಿಗೆ ಸಾಮಾನು 210 ರೂಪಾಯಿ. ಅಂದರೆ 200 ಗ್ರಾಂ ಪ್ಯಾಕೆಟ್‌ಗೆ 42. ಗ್ಯಾಸು, ಕರೆಂಟು 4. ಪೌಚ್ 7. ಲೇಬಲ್ 2. ಚೆಲ್ಲಿದ್ದು, ರುಚಿಗೆ ಕೊಟ್ಟದ್ದು 4.

ಇನ್ನು ಕೂಲಿ. ಹತ್ತು ಕಿಲೋ ಪುಡಿ, ಅಂದರೆ ಐವತ್ತು ಪ್ಯಾಕೆಟ್. ಆರಿಸಿ, ಹುರಿದು, ಬೀಸಿ, ತೂಗಿ, ಸೀಲ್ ಮಾಡಲು ನನಗೂ ಪಕ್ಕದ ಮನೆಯ ವೈನಿಗೂ ಇಡೀ ದಿನ ಬೇಕು. ಗಂಟೆಗೆ 60 ರೂಪಾಯಿಯಂತೆ ಹದಿನಾರು ಗಂಟೆಗೆ 960. ಪ್ಯಾಕೆಟ್‌ಗೆ 19. ವೈನಿಯ ಕೂಲಿ ಕೊಡಲೇಬೇಕು, ನನ್ನದು ಯಾಕೆ ಬಿಡಬೇಕು? ಮೊದಲ ವರ್ಷ ನಾನು ನನ್ನ ಕೂಲಿ ಹಿಡಿದಿರಲಿಲ್ಲ. ಲಾಭ ಬಂತು ಅಂತ ಖುಷಿಪಟ್ಟೆ. ಆಮೇಲೆ ನೋಡಿದರೆ ಆ ‘ಲಾಭ’ ನನ್ನ ಕೂಲಿಗಿಂತ ಕಡಿಮೆ ಇತ್ತು!

ಎಲ್ಲ ಕೂಡಿ 78 ರೂಪಾಯಿ. ನಾನು ಮಾರುವುದು 125ಕ್ಕೆ. 47 ರೂಪಾಯಿ ಉಳಿಯಿತಲ್ಲ ಅನ್ನುತ್ತೀರಿ. ತಾಳಿ, ಕೊರಿಯರ್ ಇನ್ನೂ ಬಂದಿಲ್ಲ.

ಕೊರಿಯರ್‌ಗೆ ಎಷ್ಟು ಹಿಡಿಯಬೇಕು?

ಕೊರಿಯರ್‌ನವರು ತೂಕವನ್ನು ಮೆಟ್ಟಿಲಿನ ಹಾಗೆ ನೋಡುತ್ತಾರೆ. ಹೆಚ್ಚಿನವರದು ಅರ್ಧ ಕಿಲೋಗೆ ಒಂದು ಮೆಟ್ಟಿಲು. 500 ಗ್ರಾಂವರೆಗೆ ಒಂದು ದರ, 501 ಗ್ರಾಂ ಆದರೆ ಒಂದು ಕಿಲೋ ದರ. ರಾಜ್ಯದೊಳಗೆ ನನಗೆ ಮೊದಲ ಮೆಟ್ಟಿಲು 60 ರೂಪಾಯಿ, ಎರಡನೆಯದು 90. ಅದರ ಮೇಲೆ ಪ್ರತಿ ಆರ್ಡರ್‌ಗೆ ರಟ್ಟಿನ ಡಬ್ಬ, ಟೇಪ್ 14.

ನಾನು ಮೊದಲು 250 ಗ್ರಾಂ ಪ್ಯಾಕೆಟ್ ಮಾಡಿ 150ಕ್ಕೆ ಮಾರುತ್ತಿದ್ದೆ. ಎರಡು ತಗೊಂಡರೆ ಡೆಲಿವರಿ ಫ್ರೀ ಅಂತ ಬೇರೆ ಹಾಕಿದ್ದೆ. ಎರಡು ಪ್ಯಾಕೆಟ್ ಅಂದರೆ ಪುಡಿಯೇ 500 ಗ್ರಾಂ. ಪೌಚು, ಡಬ್ಬ ಸೇರಿ 590. ಎರಡನೇ ಮೆಟ್ಟಿಲು ಹತ್ತಿತು. ಆ ಪ್ಯಾಕೆಟ್ ಒಂದಕ್ಕೆ ನನಗೆ 96 ಬೀಳುತ್ತಿತ್ತು. ಬಂದದ್ದು 300. ಹೋದದ್ದು 192, 14, 90. ಉಳಿದದ್ದು ನಾಲ್ಕೇ ರೂಪಾಯಿ. ಒಂದು ಲೋಟ ಚಹಾನೂ ಬರುವುದಿಲ್ಲ.

200 ಗ್ರಾಂಗೆ ಇಳಿಸಿದೆ. ಎರಡು ಪ್ಯಾಕೆಟ್, ಡಬ್ಬ ಎಲ್ಲ ಸೇರಿ 490 ಗ್ರಾಂ ಒಳಗೆ ಕೂತಿತು. ಈಗ ಎರಡರ ಆರ್ಡರ್‌ಗೆ 20 ರೂಪಾಯಿ ಉಳಿಯುತ್ತದೆ. ನಾಲ್ಕು ತಗೊಂಡರೆ ಒಂದು ಕಿಲೋ ಒಳಗೇ ಮುಗಿಯುತ್ತದೆ. ದೊಡ್ಡ ಡಬ್ಬಕ್ಕೆ 18 ಹಿಡಿದರೂ 80 ರೂಪಾಯಿ ಕೈಗೆ ಬರುತ್ತದೆ. ಒಂದೇ ಪ್ಯಾಕೆಟ್ ಫ್ರೀ ಡೆಲಿವರಿಯಲ್ಲಿ ಕಳಿಸಿದರೆ 27 ರೂಪಾಯಿ ಕೈಯಿಂದ ಹೋಗುತ್ತದೆ. ಅದಕ್ಕೇ ಒಂದೊಂದು ಪ್ಯಾಕೆಟ್ ಕೇಳುವವರಿಗೆ ಕೊರಿಯರ್ ಬೇರೆ ಅಂತ ನೇರವಾಗಿ ಹೇಳುತ್ತೇನೆ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಪ್ಯಾಕೆಟ್ ಸೈಜು ತೀರ್ಮಾನ ಮಾಡುವ ಮುಂಚೆ ಖಾಲಿ ಡಬ್ಬ, ಪೌಚು, ಟೇಪು ತಕ್ಕಡಿ ಮೇಲೆ ಇಟ್ಟು ನೋಡಿ. ಲೇಬಲ್ ಅಚ್ಚು ಹಾಕಿಸುವುದು ಆಮೇಲೆ.

ತೂಕ ಕಡಿಮೆ ಇದ್ದರೂ ಕೊರಿಯರ್‌ನವರು ಜಾಸ್ತಿ ತಗೊಂಡರು. ಮೋಸ ಅಲ್ವಾ?

ಮೋಸ ಅಲ್ಲ, ಅದು ಗಾತ್ರದ ತೂಕ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ರೂಢಿ. ಆ ಲೆಕ್ಕವೂ ನಿಜವಾದ ತೂಕವೂ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಹಗುರವಾದ ಹಪ್ಪಳ, ಸಂಡಿಗೆ ಮಾರುವವರಿಗೆ ಇದು ದೊಡ್ಡ ಹೊಡೆತ. ಡಬ್ಬ ಎಷ್ಟು ಬಿಗಿಯಾಗಿದ್ದರೆ ಅಷ್ಟು ಒಳ್ಳೆಯದು.

ಕ್ಯಾಶ್ ಆನ್ ಡೆಲಿವರಿ ಇಡಬೇಕಾ?

ಬೇಡ. ಸಾಮಾನು ವಾಪಸ್ ಬಂದರೆ ಹೋಗಿಬರುವ ಎರಡೂ ಕೊರಿಯರ್ ಖರ್ಚು ನಿಮ್ಮ ಮೇಲೆ. ಬಟ್ಟೆಯಾದರೆ ಇನ್ನೊಬ್ಬರಿಗೆ ಮಾರಬಹುದು. ಶೇಂಗಾದಲ್ಲಿ ಎಣ್ಣೆ ಜಾಸ್ತಿ. ಬೇಸಿಗೆಯಲ್ಲಿ ಗೋದಾಮು ಗೋದಾಮು ಸುತ್ತಿ ಎರಡು ವಾರ ಬಿಟ್ಟು ಬಂದ ಪ್ಯಾಕೆಟ್ ಇನ್ನೊಬ್ಬರಿಗೆ ಕೊಡಲು ಮನಸ್ಸು ಬರುವುದಿಲ್ಲ. ನಾಲ್ಕು ಪ್ಯಾಕೆಟ್‌ನ ಒಂದು ಆರ್ಡರ್ ವಾಪಸ್ ಬಂದರೆ ನನಗೆ 510 ರೂಪಾಯಿ ಹೋಗುತ್ತದೆ. ಆರೇಳು ಒಳ್ಳೆಯ ಆರ್ಡರ್‌ಗಳ ಲಾಭ ಅದು. ಯುಪಿಐನಲ್ಲಿ ದುಡ್ಡು ಬಂದ ಮೇಲೆಯೇ ಪ್ಯಾಕ್ ಮಾಡಿ.

ಲೈಸೆನ್ಸ್ ಇಲ್ಲದೆ ಸುಮ್ನೆ ವಾಟ್ಸ್ಆ್ಯಪ್‌ನಲ್ಲಿ ಮಾರಿದರೆ ಯಾರು ಕೇಳುತ್ತಾರೆ?

ಯಾರೂ ಕೇಳದಿರಬಹುದು, ಒಬ್ಬ ಗಿರಾಕಿಗೆ ಹೊಟ್ಟೆ ಕೆಡುವವರೆಗೆ. ತಿನ್ನುವ ವಸ್ತು ಮಾರುವವರು ಮನೆಯಿಂದ ಮಾರಿದರೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದ ಒಳಗಿನ ವಹಿವಾಟಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಇಲಾಖೆಯ ‘ಫಾಸ್ಕಾಸ್’ ಪೋರ್ಟಲ್‌ನಲ್ಲಿ ನಾವೇ ಅರ್ಜಿ ಹಾಕಬಹುದು, ಇಂದಿನ ಶುಲ್ಕವೂ ಅಲ್ಲೇ ಕಾಣುತ್ತದೆ. ಇದನ್ನೇ ಮಾಡಿಕೊಡಲು ಒಬ್ಬ ಏಜೆಂಟ್ ನನ್ನ ಹತ್ತಿರ 3,000 ಕೇಳಿದ್ದ. ನೋಂದಣಿ ಆದ ಮೇಲೆ 14 ಅಂಕಿಯ ನಂಬರ್ ಬರುತ್ತದೆ, ಅದು ಲೇಬಲ್ ಮೇಲೆ ಇರಬೇಕು.

ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗಂತೂ ಶುಲ್ಕವೇ ಇಲ್ಲ. ಸರ್ಕಾರಿ ಸೈಟಿನಂತೆ ಕಾಣುವ ಖಾಸಗಿ ಸೈಟುಗಳಲ್ಲಿ ದುಡ್ಡು ಕಟ್ಟಿ ಕೂರಬೇಡಿ.

ಬಾಡಿಗೆ ಮನೆಯಾದರೆ?

ಮಾಲೀಕರಿಗೆ ಮೊದಲೇ ಹೇಳಿ. ಬಾಡಿಗೆ ಕರಾರು, ಕರೆಂಟ್ ಬಿಲ್, ಒಪ್ಪಿಗೆ ಪತ್ರ ನೋಂದಣಿಗಳಿಗೆ ಬೇಕಾಗುತ್ತವೆ. ಮೆಣಸಿನಕಾಯಿ ಹುರಿಯುವ ಘಾಟು ಮೇಲಿನ ಮನೆಗೆ ಹೋದ ದಿನ ಹೇಳುವುದಕ್ಕಿಂತ ಮುಂಚೆ ಹೇಳುವುದು ವಾಸಿ.

ಲೇಬಲ್ ಮೇಲೆ ಏನೇನು ಇರಬೇಕು? ಎಷ್ಟು ಅಚ್ಚು ಹಾಕಿಸಲಿ?

ಪದಾರ್ಥದ ಹೆಸರು, ಏನೇನು ಹಾಕಿದ್ದೀರಿ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಂ ಲೆಕ್ಕದ ದರ, ತಯಾರಾದ ದಿನ, ಎಂದಿನವರೆಗೆ ಚೆನ್ನಾಗಿರುತ್ತದೆ, ಬ್ಯಾಚ್ ನಂಬರ್, ಹೆಸರು ವಿಳಾಸ, ದೂರಿಗೆ ಫೋನ್ ನಂಬರ್, ಸಸ್ಯಾಹಾರದ ಹಸಿರು ಗುರುತು, ಎಫ್‌ಎಸ್‌ಎಸ್‌ಎಐ ನಂಬರ್. ಶೇಂಗಾ ಕೆಲವರಿಗೆ ಅಲರ್ಜಿ, ಅದನ್ನೂ ಬರೆಯಬೇಕು. ಪ್ಯಾಕ್ ಮಾಡಿ ಮಾರುವವರು ತೂಕ, ಅಳತೆ ನೋಡುವ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು, ಶುಲ್ಕ 500. ಅಡುಗೆಮನೆಯ ಪುಟ್ಟ ತಕ್ಕಡಿ ಇದಕ್ಕೆ ನಡೆಯುವುದಿಲ್ಲ. ಇಲಾಖೆಯ ಮುದ್ರೆ ಇರುವ ತಕ್ಕಡಿ ಬೇಕು, ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷ ಮುದ್ರೆ ಹಾಕಿಸಬೇಕು.

ಎಷ್ಟು ಅಚ್ಚು ಹಾಕಿಸಬೇಕು ಅನ್ನುವಲ್ಲಿ ನಾನು ಪೆಟ್ಟು ತಿಂದೆ. ಎರಡು ಸಾವಿರ ಹಾಕಿಸಿದರೆ ಅಗ್ಗ ಅಂತ ಪ್ರೆಸ್‌ನವರು ಹೇಳಿದರು. ಎಂಆರ್‌ಪಿ ಸಮೇತ ಹಾಕಿಸಿಬಿಟ್ಟೆ. 2024ರ ಶುರುವಿನಲ್ಲಿ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ದಾಟಿತು. ದರ ಏರಿಸೋಣ ಅಂದರೆ ಒಂದು ಗೋಣಿಚೀಲದ ತುಂಬ ಹಳೇ ದರದ ಲೇಬಲ್! ಎಂಆರ್‌ಪಿ ಮೇಲೆ ಜಾಸ್ತಿ ದರದ ಚೀಟಿ ಅಂಟಿಸುವ ಹಾಗಿಲ್ಲ. ಈಗ ದರ, ದಿನಾಂಕ, ಬ್ಯಾಚ್ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿಸುತ್ತೇನೆ. ಸ್ಟ್ಯಾಂಪ್ ಒತ್ತುವುದು ಮಗಳ ಕೆಲಸ. ನೂರಕ್ಕೆ ಇಪ್ಪತ್ತು ರೂಪಾಯಿ ಅವಳ ಕೂಲಿ, ಅದೂ ಲೆಕ್ಕದಲ್ಲಿದೆ.

ಜಿಎಸ್‌ಟಿ 40 ಲಕ್ಷದವರೆಗೆ ಬೇಡ ತಾನೆ?

ಅರ್ಧ ಸತ್ಯ. ಕರ್ನಾಟಕದೊಳಗೆ ಮಾತ್ರ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಬೇಡ. ಆದರೆ ತೆರಿಗೆ ಬೀಳುವ ಸರಕನ್ನು ರಾಜ್ಯದ ಹೊರಗೆ ಮಾರಿದರೆ ಮೊದಲ ಪ್ಯಾಕೆಟ್‌ನಿಂದಲೇ ನೋಂದಣಿ ಬೇಕು. ಹುಬ್ಬಳ್ಳಿಯವರಿಗೆ ಇದು ನುಂಗಲಾರದ ತುತ್ತು. ನಮ್ಮ ಅರ್ಧ ಬಳಗ ಇರುವುದು ಪುಣೆ, ಸೊಲ್ಲಾಪುರ, ಮುಂಬೈಯಲ್ಲಿ. ಪುಣೆಯ ಗಿರಾಕಿ ಶೇಂಗಾ ಚಟ್ನಿ ಕೇಳಿದರೆ ಜಿಎಸ್‌ಟಿ ನಂಬರ್ ಬೇಕು. ಬರೀ ಹಪ್ಪಳ ಮಾರುವವರು ಅದೃಷ್ಟವಂತರು, ಹಪ್ಪಳಕ್ಕೆ ತೆರಿಗೆಯೇ ಇಲ್ಲ. ಉಪ್ಪಿನಕಾಯಿಗೆ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5 ಆಗಿದೆ.

ದೊಡ್ಡ ಆನ್‌ಲೈನ್ ಅಂಗಡಿಗಳಲ್ಲಿ ಮಾರಲು ಮೊದಲು ಎಲ್ಲರಿಗೂ ಜಿಎಸ್‌ಟಿ ಕಡ್ಡಾಯವಿತ್ತು. 2023ರ ಅಕ್ಟೋಬರ್‌ನಿಂದ ಮಿತಿಯೊಳಗಿನ ಸಣ್ಣವರು ಒಂದು ದಾಖಲಾತಿ ನಂಬರ್ ಪಡೆದು ತಮ್ಮ ರಾಜ್ಯದೊಳಗೆ ಮಾರಬಹುದು.

ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಖರ್ಚು ಇರುವುದು ಆಮೇಲೆ. ಒಂದು ರೂಪಾಯಿ ವ್ಯಾಪಾರ ಆಗದ ತಿಂಗಳೂ ರಿಟರ್ನ್, ಅಂದರೆ ತೆರಿಗೆ ಇಲಾಖೆಗೆ ಲೆಕ್ಕದ ಪತ್ರ, ಹಾಕಬೇಕು. ಮರೆತರೆ ಸೊನ್ನೆ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿ ದಂಡ. ಲೆಕ್ಕ ಬರೆಯುವವರಿಗೆ ತಿಂಗಳಿಗೆ ಇಂತಿಷ್ಟು ಅಂತ ಕೊಡಬೇಕು. ನಾನು ಮೊದಲ ಒಂದೂವರೆ ವರ್ಷ ರಾಜ್ಯದೊಳಗೆ ಮಾತ್ರ ಮಾರಿದೆ. ಪುಣೆಯ ಆರ್ಡರ್‌ಗಳು ತಿಂಗಳಿಗೆ ಮೂವತ್ತು ಬರುತ್ತವೆ ಅಂತ ಖಾತ್ರಿಯಾದ ಮೇಲೆ ನೋಂದಣಿ ಮಾಡಿಸಿದೆ. ಹಾಗೆ ಕಾಯ್ದದ್ದು ಒಳ್ಳೆಯದಾಯಿತು.

ದುಡ್ಡು ಯಜಮಾನರ ಫೋನ್‌ಪೇಗೆ ಹಾಕಿಸಿಕೊಂಡರೆ ಆಗುತ್ತಾ?

ದಯವಿಟ್ಟು ಬೇಡ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿದೆಯಲ್ಲ? ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಬಂದಿತ್ತು. ತಂಗಿ ಕೊಟ್ಟ ಸಾಲ, ಚೀಟಿ ದುಡ್ಡು, ಚಟ್ನಿಪುಡಿ ದುಡ್ಡು ಎಲ್ಲ ಒಂದೇ ಖಾತೆಯಲ್ಲಿ ಕಲಸಿದ್ದರೆ ಯಾವುದು ವ್ಯಾಪಾರದ್ದು ಅಂತ ತೋರಿಸುವುದು ನಿಮ್ಮ ತಲೆನೋವು. ನಿಮ್ಮದೇ ಹೆಸರಿನಲ್ಲಿ ಬೇರೆ ಖಾತೆ ತೆರೆಯಿರಿ. ದುಡ್ಡು ನಿಮ್ಮ ಕೈಯಲ್ಲಿ ಉಳಿಯಲಿಕ್ಕೂ ಅದು ಒಳ್ಳೆಯದು, ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮನೆ ಕರೆಂಟು, ಮನೆ ಗ್ಯಾಸು. ಅದಕ್ಕೇನು ಖರ್ಚು?

ಗೃಹಜ್ಯೋತಿಯ ಪುಕ್ಕಟೆ ಕರೆಂಟು ಬರುತ್ತದೆಯಲ್ಲ ಅಂತ ನಾನೂ ಅಂದುಕೊಂಡಿದ್ದೆ. ಅದು ನಿಮ್ಮ ಹಳೆಯ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿದ ಯೂನಿಟ್‌ಗಳಿಗೆ ಮಾತ್ರ. ಅದಕ್ಕಿಂತ ಜಾಸ್ತಿ ಆದದ್ದಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ದೊಡ್ಡ ಮಿಕ್ಸಿ, ಸೀಲಿಂಗ್ ಮೆಷಿನ್, ಪುಡಿ ತಣ್ಣಗಾಗಲು ದಿನವಿಡೀ ತಿರುಗುವ ಫ್ಯಾನು ಸೇರಿ ದೀಪಾವಳಿ ತಿಂಗಳು ನಮ್ಮದು ದಾಟಿತು. ಸೊನ್ನೆ ಬರುತ್ತಿದ್ದ ಬಿಲ್ ಒಮ್ಮೆಲೇ ಸಾವಿರದ ಮೇಲೆ ಬಂತು. ಆ ಇಡೀ ಬಿಲ್ ಚಟ್ನಿಯ ಖಾತೆಗೇ ಬರೆಯಬೇಕು, ಯಾಕೆಂದರೆ ಚಟ್ನಿ ಇಲ್ಲದಿದ್ದರೆ ಅದು ಬರುತ್ತಿರಲಿಲ್ಲ.

ಗ್ಯಾಸ್ ವಿಷಯದಲ್ಲಿ ನಿಯಮ ಇನ್ನೂ ಖಡಕ್ಕು. 14.2 ಕಿಲೋ ಮನೆ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ. ಅದಕ್ಕೆ 19 ಕಿಲೋ ಸಿಲಿಂಡರ್ ಇದೆ. ಲೆಕ್ಕ ಹಾಕುವಾಗ ಆ ದರವನ್ನೇ ಹಿಡಿಯಿರಿ.

ಬ್ಯಾಡಗಿ ಮೆಣಸಿನಕಾಯಿ ವರ್ಷಕ್ಕೆ ಒಮ್ಮೆಲೇ ಕೊಳ್ಳಬೇಕಾ?

ನಮ್ಮ ಕಡೆ ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸಿಡುವುದು ಮೊದಲಿನಿಂದ ಬಂದ ಪದ್ಧತಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಹರಾಜು. ದಪ್ಪಗಿರುವ ‘ಡಬ್ಬಿ’ ಕಾಯಿಗೆ ದರ ಜಾಸ್ತಿ, ತೆಳ್ಳಗೆ ಉದ್ದಗಿರುವ ‘ಕಡ್ಡಿ’ ಕಾಯಿಗೆ ಅದಕ್ಕಿಂತ ಕಡಿಮೆ. ಒಮ್ಮೆಲೇ ಕೊಂಡರೆ ದರವೇನೋ ಗಿಟ್ಟುತ್ತದೆ, ಆದರೆ ದುಡ್ಡು ವರ್ಷವಿಡೀ ಚೀಲದಲ್ಲಿ ಕೂರುತ್ತದೆ. ಮಳೆಗಾಲದಲ್ಲಿ ಕಾಯಿ ಮೆತ್ತಗಾಗಿ ಬೂಷ್ಟು ಹಿಡಿದರೆ ಅದೂ ಹೋಯಿತು. ದರ ಬೀಳುವುದೂ ಉಂಟು. 2024ರ ಮಾರ್ಚ್‌ನಲ್ಲಿ ದರ ಕುಸಿದು ಆ ಮಾರುಕಟ್ಟೆಯಲ್ಲಿ ಗಲಾಟೆಯೇ ಆಯಿತು. ಮೊದಲ ವರ್ಷ ಮೂರು ತಿಂಗಳಿಗೆ ಆಗುವಷ್ಟು ಮಾತ್ರ ತನ್ನಿ.

ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ದುಡ್ಡು ಹಾಕಲಾ?

ನಾನು ಒಂದು ಸಲ 3,000 ಹಾಕಿದೆ. ಲೈಕು ರಾಶಿ ಬಂತು, ಆರ್ಡರ್ ಇಪ್ಪತ್ತು ಬಂತು. ಆರ್ಡರ್‌ಗೆ 150 ಬಿತ್ತು. ಉಳಿಯುವುದು 80 ಇರುವಾಗ 150 ಕೊಟ್ಟು ಗಿರಾಕಿ ತಂದರೆ, ಅವರು ಎರಡನೇ ಸಲ ಬಂದರೆ ಮಾತ್ರ ದುಡ್ಡು ಹುಟ್ಟುತ್ತದೆ. ಇಪ್ಪತ್ತರಲ್ಲಿ ಆರು ಜನ ಬಂದರು. ಅದೇ ದುಡ್ಡಿಗೆ ಹಳೇ ಗಿರಾಕಿಗಳ ಡಬ್ಬದಲ್ಲಿ 50 ಗ್ರಾಂ ಗುರೆಳ್ಳು ಚಟ್ನಿ ಪುಕ್ಕಟೆ ಇಟ್ಟು ಕಳಿಸಿದೆ. ಅದರಿಂದ ಬಂದ ಆರ್ಡರ್ ಜಾಸ್ತಿ. ಗುರೆಳ್ಳು ರುಚಿ ಗೊತ್ತಿಲ್ಲದ ಬೆಂಗಳೂರಿನವರೂ ಈಗ ಕೇಳಿ ತರಿಸುತ್ತಾರೆ.

ದೊಡ್ಡ ಆನ್‌ಲೈನ್ ಅಂಗಡಿಗಳಲ್ಲಿ ಇಟ್ಟರೆ?

ಕಮಿಷನ್, ಪ್ರತಿ ಆರ್ಡರ್‌ನ ನಿಗದಿ ಶುಲ್ಕ, ಸಾಗಣೆ ಶುಲ್ಕ, ಇವುಗಳ ಮೇಲೆ ಶೇಕಡಾ 18 ಜಿಎಸ್‌ಟಿ. ಎಲ್ಲ ಕಳೆದು ನೋಡಿ. 125 ರೂಪಾಯಿಯ ಪುಡಿಗೆ ಲೆಕ್ಕ ಕೂರಲಿಲ್ಲ, ಬಿಟ್ಟೆ. ಐದುನೂರರ ಮೇಲಿನ ಗಿಫ್ಟ್ ಡಬ್ಬ ಮಾಡುವವರಿಗೆ ಕೂರಬಹುದು.

ಸಾಲ, ಸಬ್ಸಿಡಿ ಸಿಗುತ್ತಂತೆ?

ಪಿಎಂಎಫ್‌ಎಂಇ ಅನ್ನುವ, 2025-26ರವರೆಗೆ ಅಂತ ಗೊತ್ತುಮಾಡಿದ್ದ ಕೇಂದ್ರದ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಶೇಕಡಾ 35, ಗರಿಷ್ಠ 10 ಲಕ್ಷದವರೆಗೆ ಸಹಾಯಧನ. ಕರ್ನಾಟಕ ಸರ್ಕಾರ ಅದರ ಮೇಲೆ ಶೇಕಡಾ 15 ಸೇರಿಸಿದೆ. ಇಲ್ಲಿ ಅದನ್ನು ನೋಡಿಕೊಳ್ಳುವುದು ಕೆಪೆಕ್ ಅನ್ನುವ ರಾಜ್ಯ ಸರ್ಕಾರದ ನಿಗಮ. ಆದರೆ ಅದು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡ ಸಹಾಯಧನ. ಸಾಲ ಮಂಜೂರಾಗಬೇಕು, ಕಂತು ಕಟ್ಟಬೇಕು. ತಿಂಗಳಿಗೆ ನೂರು ಪ್ಯಾಕೆಟ್ ಮಾರದವರು ಮೂರು ಲಕ್ಷದ ಮೆಷಿನ್ ತಂದು ಕೂರಿಸಿದ್ದನ್ನು ನೋಡಿದ್ದೇನೆ. ಈಗ ಅದರ ಮೇಲೆ ಟಿವಿ ಇದೆ. ಗಿರಾಕಿ ಮೊದಲು, ಮೆಷಿನ್ ಆಮೇಲೆ.

ವಿದೇಶಕ್ಕೆ ಕಳಿಸುತ್ತೀರಾ? ಮಗ ಅಮೆರಿಕದಲ್ಲಿದ್ದಾನೆ.

ವ್ಯಾಪಾರವಾಗಿ ಕಳಿಸಲು ಐಇಸಿ, ಅಂದರೆ ಆಮದು-ರಫ್ತು ಮಾಡುವವರ ನಂಬರ್ ಬೇಕು, ಆ ದೇಶದ ಆಹಾರ ನಿಯಮ, ಸುಂಕ ಎಲ್ಲ ನೋಡಬೇಕು. ಅಮೆರಿಕವಂತೂ 2025ರ ಆಗಸ್ಟ್ ಕೊನೆಯಿಂದ ಸಣ್ಣ ಪಾರ್ಸೆಲ್‌ಗಿದ್ದ ಸುಂಕದ ವಿನಾಯಿತಿಯನ್ನೇ ತೆಗೆದುಹಾಕಿತು. ನಾನು ಕಳಿಸುವುದಿಲ್ಲ. ಮಗ ಊರಿಗೆ ಬಂದಾಗ ಹೇಳಿ, ಬ್ಯಾಗಿನಲ್ಲಿ ಕೂರುವ ಹಾಗೆ ಗಟ್ಟಿಯಾಗಿ ಎರಡು ಸೀಲ್ ಹಾಕಿ ಕೊಡುತ್ತೇನೆ.

ಖಡಕ್ ರೊಟ್ಟಿ ಯಾಕೆ ಮಾರುವುದಿಲ್ಲ?

ಮಾರಿ ನೋಡಿದೆ. 25 ರೊಟ್ಟಿ ಅಂದರೆ ತೂಕ ಒಂದು ಕಿಲೋ ಆಚೀಚೆ. ಆದರೆ 30, 30, 15 ಸೆಂಟಿಮೀಟರ್ ಡಬ್ಬ ಬೇಕು. ಗುಣಿಸಿ ಭಾಗಿಸಿದರೆ ಗಾತ್ರದ ತೂಕ 2.7 ಕಿಲೋ, ಮೂರು ಕಿಲೋ ದರ. ಅಷ್ಟು ಕೊಟ್ಟು ಕಳಿಸಿದರೂ ಬೆಂಗಳೂರಿಗೆ ಹೋದದ್ದು ರೊಟ್ಟಿ ಅಲ್ಲ, ಚೂರು. ಹಳೇ ಪತ್ರಿಕೆ, ಬಬಲ್ ಹಾಳೆ, ಥರ್ಮಾಕೋಲ್ ಎಲ್ಲ ಹಾಕಿ ನೋಡಿದೆ. ‘ಒಡೆಯುವ ವಸ್ತು’ ಅಂತ ಕೆಂಪಕ್ಷರದಲ್ಲಿ ಬರೆದೆ. ಬರೆದ ಡಬ್ಬವೇ ಜಾಸ್ತಿ ಜಜ್ಜಿಹೋಗಿ ಮುಟ್ಟಿತು. ಈಗ ಗೊತ್ತಿರುವ ನಾಲ್ಕು ಮನೆಗಳಿಗೆ ಮಾತ್ರ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಸರ್ಕಾರಿ ಬಸ್ಸಿನ ಪಾರ್ಸೆಲ್ ಸೇವೆ ‘ನಮ್ಮ ಕಾರ್ಗೋ’ದಲ್ಲಿ ಕಳಿಸುತ್ತೇನೆ. ಅವರೇ ಬಸ್ ಸ್ಟ್ಯಾಂಡಿಗೆ ಹೋಗಿ ತಗೊಳ್ಳುತ್ತಾರೆ, ಡಬ್ಬಿ ವಾಪಸ್ ಕಳಿಸುತ್ತಾರೆ. ಅದರಲ್ಲೂ ನಾಲ್ಕೈದು ಮುರಿದಿರುತ್ತವೆ. ಒಬ್ಬರು ಅಜ್ಜಿ ಫೋನ್ ಮಾಡಿ, ಮುರಿದದ್ದಕ್ಕೆ ದುಡ್ಡು ಹಿಡಿಯಬೇಡವ್ವಾ, ಅದನ್ನೇ ನೆನೆಸಿ ಒಗ್ಗರಣೆ ಹಾಕಿಕೊಳ್ಳುತ್ತೇನೆ, ಮುಂದಿನ ಸಲ ಇನ್ನೂ ಎರಡು ಮುರಿದು ಕಳಿಸು ಅಂದರು.